ಯುಕುಲೇಲೆಯ ಹಾರ್ಮೋನಿಕ್ಸ್ ಮೊಳಗದಿದ್ದಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಗಿಟಾರಿನಂತಹ, ನಾಲ್ಕು ತಂತಿಯ ಪುಟ್ಟ ವಾದ್ಯವಾದ ಯುಕುಲೇಲೆಯಲ್ಲಿ, ಹನ್ನೆರಡನೆಯ ಫ್ರೆಟ್ಟಿನ (ದಂಡಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ನೇರಕ್ಕೆ ತಂತಿಯನ್ನು ಒತ್ತದೆ, ಬೆರಳನ್ನು ಬರಿದೇ ಸೋಕಿಸಿ ಮೀಟಿದಾಗ ದೇವರ ಮನೆಯ ಸಣ್ಣ ಗಂಟೆಯಂತಹ ತೆಳುವಾದ ನಾದವೊಂದು ಹೊರಟು, ಬೆರಳು ತೆಗೆದ ಮೇಲೂ ಕೆಲವು ಕ್ಷಣ ಉಳಿಯಬೇಕು. ತಂತಿವಾದ್ಯದವರು ಇದನ್ನು ಹಾರ್ಮೋನಿಕ್ಸ್ ಎನ್ನುತ್ತಾರೆ. ಅದು ಹೊರಡುವ ಬದಲು ಒದ್ದೆ ಹಲಗೆಯನ್ನು ತಟ್ಟಿದಂತೆ ‘ಟಪ್’ ಎಂದು ಅಲ್ಲಿಯೇ ಸತ್ತುಹೋಗುತ್ತದೆ ಎಂಬ ದೂರು ಹೊತ್ತು, ಡೊಂಬಿವಲಿ, ಥಾಣೆ, ಮುಲುಂಡ್ ಕಡೆಯ ನಮ್ಮ ನೆಂಟರಿಷ್ಟರ ಮಕ್ಕಳು ವಾದ್ಯವನ್ನು ಲೋಕಲ್ ರೈಲಿನಲ್ಲಿ ಮಡಿಲ ಮೇಲಿಟ್ಟುಕೊಂಡು ಮಾಟುಂಗಾದ ನಮ್ಮ ಮನೆಗೆ ಬರುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ನಾನು ವಾದ್ಯ ತಯಾರಿಸುವವನಲ್ಲ. ತಂತಿ ಬದಲಾಯಿಸುವ, ತಿರುಪು ಬಿಗಿಮಾಡುವ, ಕಿವಿಗೊಟ್ಟು ಕೇಳುವ ಮಟ್ಟದ ಕೆಲಸವಷ್ಟೇ ನನ್ನದು. ಆ ಮಟ್ಟದಲ್ಲಿ ನಿಂತು ಹೇಳುವುದಾದರೆ, ನಾನು ನೋಡಿದ ಬಹುಪಾಲು ವಾದ್ಯಗಳಲ್ಲಿ ದೋಷ ಮರದಲ್ಲಿ ಇರಲಿಲ್ಲ. ಬಲಗೈ ಮೀಟುವ ಜಾಗದಲ್ಲಿ ಇತ್ತು, ಇಲ್ಲವೇ ತಂತಿಯಲ್ಲಿ ಇತ್ತು. ಆದ್ದರಿಂದ ಈ ಕೈಪಿಡಿ ಕೈಯಿಂದ ಆರಂಭವಾಗಿ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿಕೊಂಡು, ಕೊನೆಗಷ್ಟೇ ಮರದ ಬಳಿಗೆ ಹೋಗುತ್ತದೆ.

ಪರೀಕ್ಷೆಗೆ ಕೂರುವ ಮೊದಲು

ಮೊದಲು ಫ್ಯಾನ್ ಆರಿಸಬೇಕು. ಮುಂಬಯಿಯ ಮನೆಗಳಲ್ಲಿ ಫ್ಯಾನ್ ತಿರುಗುತ್ತಿರುವುದು ನಮ್ಮ ಗಮನಕ್ಕೇ ಬರುವುದಿಲ್ಲ, ಆದರೆ ಹಾರ್ಮೋನಿಕ್ ನಾದವು ತೆರೆದ ತಂತಿಯ ನಾದಕ್ಕಿಂತ ಬಹಳ ಕ್ಷೀಣವಾದುದರಿಂದ ಫ್ಯಾನಿನ ಸದ್ದು ಮತ್ತು ಬೀದಿಯ ಸದ್ದು ಸೇರಿ ಅದರ ಬಾಲವನ್ನು ನುಂಗಿಬಿಡುತ್ತವೆ. ಕಿಟಕಿ ಮುಚ್ಚಿ ಒಮ್ಮೆ ಕೇಳಿದಾಗಲೇ ದೂರು ಅರ್ಧಕ್ಕೆ ಇಳಿದದ್ದನ್ನು ಕಂಡಿದ್ದೇನೆ. ಆಮೇಲೆ ಟ್ಯೂನರ್ ಹಾಕಿ ನಾಲ್ಕು ತಂತಿಗಳನ್ನು ಜಿ, ಸಿ, ಇ, ಎ ಸ್ವರಗಳಿಗೆ ಸರಿಯಾಗಿ ಶ್ರುತಿ ಮಾಡಿ, ವಾದ್ಯದ ತಲೆಗೆ ಕಚ್ಚಿಸಿದ ಟ್ಯೂನರನ್ನು ತೆಗೆದು ಪಕ್ಕಕ್ಕಿಡಬೇಕು, ಏಕೆಂದರೆ ಅದೂ ಕೆಲವೊಮ್ಮೆ ಝರ್ರೆನ್ನುತ್ತದೆ.

ಇನ್ನೊಂದು ಅಳತೆ ಬೇಕು. ದಂಡಿಯ ತಲೆಯ ಬಳಿ ತಂತಿಗಳು ಕೂರುವ ಅಡ್ಡಪಟ್ಟಿಯಾದ ನಟ್ಟಿನ ಅಂಚಿನಿಂದ ಹನ್ನೆರಡನೆಯ ಫ್ರೆಟ್ಟಿನ ಲೋಹದ ಪಟ್ಟಿಯವರೆಗೆ ಸ್ಕೇಲಿಟ್ಟು ಅಳೆದು ಎರಡರಿಂದ ಗುಣಿಸಿದರೆ ತಂತಿಯ ಕಂಪಿಸುವ ಉದ್ದ ಸಿಗುತ್ತದೆ. ಯುಕುಲೇಲೆಯ ಗಾತ್ರಗಳಲ್ಲಿ ಸಣ್ಣದಾದ ಸೊಪ್ರಾನೊದಲ್ಲಿ ಅದು ಸುಮಾರು 33ರಿಂದ 35 ಸೆಂ.ಮೀ., ಕನ್ಸರ್ಟ್‌ನಲ್ಲಿ ಸುಮಾರು 38, ಟೆನರ್‌ನಲ್ಲಿ ಸುಮಾರು 43 ಇರುತ್ತದೆ. ಮುಂದಿನ ಲೆಕ್ಕಗಳಲ್ಲಿ ನಾನು 35 ಸೆಂ.ಮೀ. ಉದ್ದದ ಸೊಪ್ರಾನೊವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ.

ಈಗ ಒಂದು ಹಾಳೆಯಲ್ಲಿ ನಾಲ್ಕು ತಂತಿಗಳನ್ನು ಅಡ್ಡಕ್ಕೂ, ಹನ್ನೆರಡು, ಏಳು, ಐದು ಎಂಬ ಮೂರು ಫ್ರೆಟ್ಟುಗಳನ್ನು ಉದ್ದಕ್ಕೂ ಬರೆದು, ಹನ್ನೆರಡು ಜಾಗಗಳಲ್ಲೂ ಮೀಟಿ ‘ಸರಿ’, ‘ಮಂಕು’, ‘ಝರ್’ ಎಂದು ಗುರುತು ಹಾಕಬೇಕು. ಹನ್ನೆರಡರಲ್ಲಿ ತಂತಿ ಎರಡು ಭಾಗವಾಗಿ ಕಂಪಿಸಿ ತಾರ ಷಡ್ಜ ಬರುತ್ತದೆ. ಏಳರಲ್ಲಿ ಮೂರು ಭಾಗವಾಗಿ ಅದರ ಮೇಲಿನ ಪಂಚಮ. ಐದರಲ್ಲಿ ನಾಲ್ಕು ಭಾಗವಾಗಿ ಅತಿತಾರ ಷಡ್ಜ. 440 ಹರ್ಟ್ಸ್‌ನ ಎ ತಂತಿಯಲ್ಲಿ ಇವು ಕ್ರಮವಾಗಿ 880, 1320 ಮತ್ತು 1760 ಹರ್ಟ್ಸ್. ಮಂಕು ಎಂಬ ಗುರುತು ಹಾಳೆಯಲ್ಲಿ ಒಂದು ಸಾಲಾಗಿ ನಿಂತಿದೆಯೋ, ಒಂದೇ ತಂತಿಯ ಕೆಳಗೆ ನಿಂತಿದೆಯೋ, ಎಲ್ಲೆಡೆ ಹರಡಿದೆಯೋ ಎಂಬುದರಿಂದಲೇ ಮುಂದೆ ಯಾವ ಭಾಗವನ್ನು ಓದಬೇಕೆಂದು ತಿಳಿಯುತ್ತದೆ.

ಲಕ್ಷಣ: ಹನ್ನೆರಡರಲ್ಲಿ ಮೊಳಗುತ್ತದೆ, ಏಳರಲ್ಲಿ ಅಥವಾ ಐದರಲ್ಲಿ ಮೊಳಗುವುದಿಲ್ಲ

ಅತಿ ಹೆಚ್ಚು ಬರುವ ದೂರು ಇದು, ಮತ್ತು ಇದಕ್ಕೆ ಸಾಮಾನ್ಯವಾಗಿ ಒಂದು ಪೈಸೆಯ ಖರ್ಚೂ ಇಲ್ಲ.

ತಂತಿ ಮೂರು ಭಾಗವಾಗಿ ಕಂಪಿಸುವಾಗ ಅದರ ಮೂರನೇ ಒಂದರಲ್ಲಿಯೂ ಮೂರನೇ ಎರಡರಲ್ಲಿಯೂ ತಂತಿ ಅಲುಗದೆ ನಿಲ್ಲುತ್ತದೆ. ನಾಲ್ಕು ಭಾಗವಾಗಿ ಕಂಪಿಸುವಾಗ ಕಾಲು, ಅರ್ಧ, ಮುಕ್ಕಾಲು ಉದ್ದಗಳಲ್ಲಿ ಅಂತಹ ನಿಶ್ಚಲ ಬಿಂದುಗಳಿರುತ್ತವೆ. ಎಡಗೈ ಬೆರಳು ಇಂತಹ ಒಂದು ಬಿಂದುವನ್ನು ಸೋಕಿ ಉಳಿದ ಕಂಪನಗಳನ್ನು ಅಡಗಿಸುತ್ತದೆ, ಆ ಒಂದನ್ನು ಉಳಿಸುತ್ತದೆ. ಆದರೆ ಬಲಗೈ ಕೂಡ ಇಂತಹದೇ ಒಂದು ಬಿಂದುವಿನಲ್ಲಿ ತಂತಿಯನ್ನು ಮೀಟಿದರೆ, ಉಳಿಯಬೇಕಾದ ಕಂಪನಕ್ಕೆ ಶಕ್ತಿಯೇ ಸೇರುವುದಿಲ್ಲ, ಏಕೆಂದರೆ ಅಲುಗದ ಜಾಗವನ್ನು ಎಳೆದು ಅಲುಗಿಸಲು ಬರುವುದಿಲ್ಲ. ಇಂಗ್ಲಿಷ್ ವಿಜ್ಞಾನಿ ಥಾಮಸ್ ಯಂಗ್ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ಇದು. ಸೊಪ್ರಾನೊದಲ್ಲಿ ಸ್ಯಾಡಲ್‌ನಿಂದ (ಮೇಲ್ಹಲಗೆಗೆ ಅಂಟಿಸಿದ ಬ್ರಿಜ್ ಎಂಬ ಮರದ ತುಂಡಿನಲ್ಲಿ ತಂತಿಗಳನ್ನು ಹೊರುವ ಏಣು) ಕಾಲು ಭಾಗವೆಂದರೆ ಸುಮಾರು 8.7 ಸೆಂ.ಮೀ., ಮೂರನೇ ಒಂದು ಎಂದರೆ ಸುಮಾರು 11.7 ಸೆಂ.ಮೀ.; ಇವೆರಡೂ ಬೀಳುವುದು ಧ್ವನಿರಂಧ್ರದ ಆಸುಪಾಸಿನಲ್ಲಿ. ಹೊಸಬರ ಹೆಬ್ಬೆರಳು ತಾನಾಗಿ ಹೋಗಿ ಕೂರುವುದೂ ಅಲ್ಲಿಯೇ.

ಇದೇ ನಿಯಮವನ್ನು ನಮ್ಮ ವೀಣೆ, ತಂಬೂರಿಗಳು ಪಾಲಿಸುವುದಿಲ್ಲ ಎಂದು ಸಿ. ವಿ. ರಾಮನ್ 1921ರಲ್ಲಿ ತೋರಿಸಿಕೊಟ್ಟರು: ಆ ವಾದ್ಯಗಳ ಅಗಲವಾದ, ಬಾಗಿದ ಕುದುರೆಯ (ತಂತಿಯನ್ನು ಹೊರುವ ಆಸರೆ) ಮೇಲೆ ತಂತಿ ಉಜ್ಜುತ್ತ ಕಂಪಿಸುವುದರಿಂದ, ಮೀಟಿದ ಬಿಂದುವಿನಲ್ಲಿ ಇರಬಾರದ ಉಪಸ್ವರಗಳೂ ಕೇಳಿಬರುತ್ತವೆ. ಮನೆಯಲ್ಲಿ ತಂಬೂರಿ ಕೇಳಿ ಬೆಳೆದವರು ಯುಕುಲೇಲೆಯಿಂದಲೂ ಅದೇ ಔದಾರ್ಯವನ್ನು ನಿರೀಕ್ಷಿಸುತ್ತಾರೆ. ಯುಕುಲೇಲೆಯ ಸ್ಯಾಡಲ್ ತೆಳುವಾದ ಏಣು. ಅದರ ಮೇಲೆ ನಿಯಮ ಕಟ್ಟುನಿಟ್ಟಾಗಿ ನಡೆಯುತ್ತದೆ.

ಪರಿಹಾರವೆಂದರೆ ಬಲಗೈಯನ್ನು ಸ್ಯಾಡಲ್ ಕಡೆಗೆ ಸರಿಸುವುದು. ಉದ್ದದ ಏಳನೇ ಒಂದು ಭಾಗ ಮೂರೂ ಹಾರ್ಮೋನಿಕ್‌ಗಳಿಗೆ ಒಗ್ಗುವ ಜಾಗ. ಸೊಪ್ರಾನೊದಲ್ಲಿ ಅದು ಸ್ಯಾಡಲ್‌ನಿಂದ 5 ಸೆಂ.ಮೀ., ಟೆನರ್‌ನಲ್ಲಿ 6 ಸೆಂ.ಮೀ. ಸ್ವಲ್ಪ ಮೇಲೆ. ಸ್ಕೇಲ್ ಇಲ್ಲದವರು ಸ್ಯಾಡಲ್‌ಗೆ ತಾಗಿಸಿ ಮೂರು ಬೆರಳು ಅಡ್ಡ ಇಟ್ಟು ಅದರ ಪಕ್ಕದಲ್ಲಿ ಮೀಟಬಹುದು. ಕಳೆದ ವರ್ಷ ನನ್ನ ಸೋದರಸೊಸೆ ಬಂದು, “ಮಾಮ, ಐದರಲ್ಲಿ ಇದು ಮಾತೇ ಆಡೋದಿಲ್ಲ, ಮೂಕು ವಾದ್ಯ ಕೊಟ್ಟಿದ್ದಾರೆ” ಎಂದಾಗ, ಅವಳ ಹೆಬ್ಬೆರಳು ಧ್ವನಿರಂಧ್ರದ ಸ್ಯಾಡಲ್ ಕಡೆಯ ಅಂಚಿನ ಮೇಲೆ, ಅಂದರೆ ಸರಿಯಾಗಿ ಕಾಲು ಭಾಗದ ಮೇಲೆ, ಆಡುತ್ತಿತ್ತು. ಮೇಲ್ಹಲಗೆಯ ಮೆರುಗಿಗೆ ಹಾನಿಯಾಗದ ಕಾಗದದ ಟೇಪಿನ ಚೂರೊಂದನ್ನು ಐದು ಸೆಂಟಿಮೀಟರಿನಲ್ಲಿ ಅಂಟಿಸಿ, ಅಲ್ಲಿ ಮೀಟಲು ಹೇಳಿದೆ. ಎ ತಂತಿ ಒಮ್ಮೆಗೇ ಕಿಣ್ಣೆಂದಿತು. “ಇಷ್ಟೇನಾ?” ಎಂದು ಅವಳು ಕೇಳಿದ ಧಾಟಿಯಲ್ಲಿ ಸಂತೋಷಕ್ಕಿಂತ ನಿರಾಶೆಯೇ ಹೆಚ್ಚಾಗಿತ್ತು, ಹೊಸ ವಾದ್ಯದ ಆಸೆ ಅಲ್ಲಿಗೆ ಮುಗಿದಿತ್ತು.

ಬಲಗೈ ಸರಿಯಾದ ಮೇಲೂ ಮಂಕಾಗಿದ್ದರೆ ಎಡಗೈಯ ಜಾಗ ನೋಡಬೇಕು. ಸ್ವರ ಒತ್ತುವಾಗ ಬೆರಳು ಎರಡು ಪಟ್ಟಿಗಳ ನಡುವೆ ಇರುತ್ತದೆ. ಹಾರ್ಮೋನಿಕ್‌ಗೆ ಅದು ಲೋಹದ ಪಟ್ಟಿಯ ನೇರ ಮೇಲಕ್ಕೇ ಬರಬೇಕು. ಏಳು ಮತ್ತು ಐದನೆಯ ಫ್ರೆಟ್ಟುಗಳು ನಿಜವಾದ ನಿಶ್ಚಲ ಬಿಂದುವಿನಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ದೂರದಲ್ಲಿವೆ, ಆದ್ದರಿಂದ ಅಲ್ಲಿ ಪಟ್ಟಿಯನ್ನೇ ನಂಬಬಹುದು. ಹನ್ನೆರಡರಲ್ಲಿ ಮಾತ್ರ ಸ್ವಲ್ಪ ಹುಷಾರು: ಶ್ರುತಿ ಸರಿಹೋಗಲೆಂದು ಸ್ಯಾಡಲನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಕೂರಿಸಿರುತ್ತಾರಾದ್ದರಿಂದ ತಂತಿಯ ನಿಜವಾದ ನಡು ಪಟ್ಟಿಗಿಂತ ಒಂದು ಮಿಲಿಮೀಟರಿನಷ್ಟು ಸ್ಯಾಡಲ್ ಕಡೆಗೆ ಇರುತ್ತದೆ. ವಾದ್ಯವನ್ನು ಮೇಲಿನಿಂದ ಓರೆಯಾಗಿ ನೋಡುವವರು ಇದಕ್ಕಿಂತ ಹೆಚ್ಚು ತಪ್ಪುತ್ತಾರೆ. ಒಮ್ಮೆ ಕನ್ನಡಿಯ ಮುಂದೆ ಕುಳಿತು ಬೆರಳು ಎಲ್ಲಿ ಬೀಳುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಐದರ ನಾದ ಹನ್ನೆರಡರ ನಾದಕ್ಕಿಂತ ಕ್ಷೀಣವಾಗಿಯೇ ಇರುತ್ತದೆ. ಅದು ದೋಷವಲ್ಲ. ಬೆರಳಿನ ಮಾಂಸ ತಂತಿಯನ್ನು ತಾಗುವ ಅಗಲವು ಗಿಟಾರಿನ 65 ಸೆಂ.ಮೀ. ತಂತಿಗೆ ದೊಡ್ಡದಲ್ಲ, ಆದರೆ ಸೊಪ್ರಾನೊದ 35 ಸೆಂ.ಮೀ. ತಂತಿಗೆ ದೊಡ್ಡದೇ. ಇದೇ ಕಾರಣಕ್ಕೆ ಟೆನರ್‌ನಲ್ಲಿ ಸುಲಭವಾಗಿ ಬರುವುದು ಸೊಪ್ರಾನೊದಲ್ಲಿ ಕಷ್ಟಪಟ್ಟು ಬರುತ್ತದೆ. ಬೆರಳಿನ ಹೊಟ್ಟೆಯ ಬದಲು ತುದಿಯ ಪಕ್ಕವನ್ನು ಸೋಕಿಸಿದರೆ ಅಂತರ ತಿಳಿಯುತ್ತದೆ.

ಲಕ್ಷಣ: ಯಾವ ತಂತಿಯಲ್ಲೂ, ಯಾವ ಜಾಗದಲ್ಲೂ ಮೊಳಗುವುದಿಲ್ಲ

ಹಾಳೆಯ ತುಂಬ ‘ಮಂಕು’ ಎಂದಿದ್ದರೆ ಮೊದಲು ಸೋಕಿದ ಬೆರಳನ್ನು ಯಾವಾಗ ಎತ್ತುತ್ತೀರಿ ಎಂದು ಗಮನಿಸಿ. ಮೀಟಿದ ಕೂಡಲೇ ಬೆರಳು ಮೇಲೇಳಬೇಕು. ಅಲ್ಲಿಯೇ ಉಳಿದರೆ ನಾದ ‘ಕಿಣ್’ ಎಂದು ಹುಟ್ಟಿ ಮರುಕ್ಷಣ ಮುಗಿಯುತ್ತದೆ. ತೀರ ಬೇಗ ಎತ್ತಿದರೆ ತೆರೆದ ತಂತಿಯ ನಾದ ಮೇಲೆದ್ದು ಗಂಟೆಯನ್ನು ಮುಚ್ಚುತ್ತದೆ. ಹೀಗೆ ಯಾವ ತರದ ಮಂಕು ಎಂಬುದೇ ಯಾವ ತಪ್ಪು ಎಂದು ಹೇಳಿಬಿಡುತ್ತದೆ.

ಎರಡನೆಯದು, ವಾದ್ಯವನ್ನು ಹಿಡಿಯುವ ರೀತಿ. ಹೆಗಲಿಗೆ ಹಾಕುವ ಪಟ್ಟಿ ಇಲ್ಲದ ಸೊಪ್ರಾನೊವನ್ನು ಬೀಳದಂತೆ ಎದೆಗೆ ಅವಚಿಕೊಂಡಾಗ ಹಿಂಬದಿಯ ಹಲಗೆಯನ್ನು ಮೈಯೂ, ಮೇಲ್ಹಲಗೆಯನ್ನು ಮುಂಗೈಯೂ ಅದುಮಿಡುತ್ತವೆ. ವಾದ್ಯವನ್ನು ತೊಡೆಯ ಮೇಲಿಟ್ಟು, ಹಲಗೆಗಳಿಗೆ ಏನೂ ತಾಗದಂತೆ ಮಾಡಿ ಮತ್ತೆ ಮೀಟಿ ನೋಡಬೇಕು. ಮೂರನೆಯದು, ಮೀಟುವ ವಸ್ತು: ಹೆಬ್ಬೆರಳಿನ ಮೆತ್ತನೆಯ ಭಾಗವೂ ಉಣ್ಣೆಯ ಪಿಕ್ಕೂ ಮೇಲಿನ ಸ್ವರಗಳನ್ನು ಹುಟ್ಟುವಾಗಲೇ ಅಡಗಿಸುತ್ತವೆ. ಉಗುರಿನಿಂದ, ಇಲ್ಲವೇ ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕತ್ತರಿಸಿದ ತ್ರಿಕೋನದ ಚೂರಿನಿಂದ ಮೀಟಿದಾಗ ನಾದ ತೆರೆದುಕೊಂಡರೆ ವಾದ್ಯಕ್ಕೆ ಯಾವ ಕಾಯಿಲೆಯೂ ಇಲ್ಲ.

ನಾಲ್ಕನೆಯದು ನಮ್ಮವರಲ್ಲಿಯೇ ಹೆಚ್ಚಾಗಿ ಕಾಣುವ ಸಂಗತಿ. ಹಾಡುವವರ ಶ್ರುತಿಗೆ, ಮನೆಯ ಹಾರ್ಮೋನಿಯಂಗೆ ಹೊಂದಿಸಲೆಂದು ನಾಲ್ಕೂ ತಂತಿಗಳನ್ನು ಒಂದೆರಡು ಮನೆ ಕೆಳಗಿಳಿಸಿಟ್ಟಿರುತ್ತಾರೆ. ತಂತಿಯ ಬಿಗಿತ ಆವರ್ತಾಂಕದ ವರ್ಗದಂತೆ ಬದಲಾಗುವುದರಿಂದ, ಎರಡು ಅರ್ಧಸ್ವರ ಇಳಿಸಿದರೆ ಬಿಗಿತದಲ್ಲಿ ಸುಮಾರು ಐದನೇ ಒಂದು ಭಾಗ ಹೋಗಿಬಿಡುತ್ತದೆ, ಮತ್ತು ಸಡಿಲ ತಂತಿಯಲ್ಲಿ ಮೇಲಿನ ಸ್ವರಗಳು ಬೇಗ ಸಾಯುತ್ತವೆ. ಪರೀಕ್ಷೆಯ ಮಟ್ಟಿಗಾದರೂ ಸರಿಯಾದ ಶ್ರುತಿಗೆ ಏರಿಸಿ ನೋಡಿ. ಏರಿಸುವಾಗ ಮುಖವನ್ನು ತಂತಿಯಿಂದ ದೂರ ಇಟ್ಟುಕೊಳ್ಳಬೇಕು; ಹಳೆಯ ತಂತಿ ಕಡಿದು ಕಣ್ಣಿಗೆ ಬಡಿಯುವ ಅಪಾಯ ನಿಜವಾದದ್ದು, ಮಕ್ಕಳಿಗೆ ಈ ಕೆಲಸ ಒಪ್ಪಿಸಬಾರದು.

ಇವೆಲ್ಲ ಸರಿಯಿದ್ದರೆ ತಂತಿಯನ್ನು ಬದಲಾಯಿಸುವ ಕಾಲ ಬಂದಿದೆ ಎಂದೇ ತಿಳಿಯಬೇಕು. ಧೋಬಿ ತಲಾವ್ ಸುತ್ತಿನ ವಾದ್ಯದಂಗಡಿಗಳಲ್ಲಿ ಕೇಳಿದರೆ ನೈಲಾನ್, ಫ್ಲೋರೋಕಾರ್ಬನ್ ಎಂಬ ಎರಡು ಬಗೆ ತೋರಿಸುತ್ತಾರೆ. ಫ್ಲೋರೋಕಾರ್ಬನ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.78 ಗ್ರಾಂ, ನೈಲಾನಿನದು ಸುಮಾರು 1.14. ಹೆಚ್ಚು ಸಾಂದ್ರವಾದ ವಸ್ತುವಿನಲ್ಲಿ ಅದೇ ಸ್ವರಕ್ಕೆ, ಅದೇ ಬಿಗಿತಕ್ಕೆ ಐದನೇ ಒಂದರಷ್ಟು ತೆಳುವಾದ ತಂತಿ ಸಾಕಾಗುತ್ತದೆ. ತೆಳುವಾದ ತಂತಿ ಸುಲಭವಾಗಿ ಬಳುಕುವುದರಿಂದ ಮೂರು, ನಾಲ್ಕು ಭಾಗಗಳಾಗಿ ಸಲೀಸಾಗಿ ಕಂಪಿಸುತ್ತದೆ. ಹಾರ್ಮೋನಿಕ್ಸ್ ಮುಖ್ಯವೆನ್ನುವವರಿಗೆ ನಾನು ಫ್ಲೋರೋಕಾರ್ಬನ್ನನ್ನೇ ಹೇಳುತ್ತೇನೆ; ಬರಿಯ ಹಾಡಿಗೆ ಜೊತೆ ನುಡಿಸುವವರಿಗೆ ನೈಲಾನಿನ ಮೃದುತ್ವ ಹಿತವಾಗಬಹುದು. ಒಂದು ಮಾತು ಮಾತ್ರ ಖಂಡಿತ: ಹೊಳಪು ಬರಲೆಂದು ಗಿಟಾರಿನ ಉಕ್ಕಿನ ತಂತಿಯನ್ನು ಯುಕುಲೇಲೆಗೆ ಕಟ್ಟಬಾರದು. ನೈಲಾನಿನ ಬಿಗಿತಕ್ಕೆಂದು ಮಾಡಿದ ತೆಳು ಹಲಗೆ ಉಬ್ಬಿ, ಬ್ರಿಜ್ ಕಿತ್ತು ಬರುತ್ತದೆ.

ಲಕ್ಷಣ: ನಾಲ್ಕನೆಯ ಫ್ರೆಟ್ಟಿನ ಹಾರ್ಮೋನಿಕ್ ಶ್ರುತಿ ತಪ್ಪಿದೆ

ಇದು ದೋಷವೇ ಅಲ್ಲ. ತಂತಿ ಐದು ಭಾಗವಾಗುವ ಬಿಂದು ನಾಲ್ಕನೆಯ ಪಟ್ಟಿಗಿಂತ ಎರಡು ಮಿಲಿಮೀಟರ್ ನಟ್ಟಿನ ಕಡೆಗಿದೆ, ಆದ್ದರಿಂದ ಪಟ್ಟಿಯ ಮೇಲೆಯೇ ಸೋಕಿದರೆ ಮಂಕಾಗುತ್ತದೆ. ಸರಿಯಾಗಿ ಸೋಕಿದಾಗ ಬರುವ ಸ್ವರವನ್ನು ಟ್ಯೂನರ್ 14 ಸೆಂಟ್‌ಗಳಷ್ಟು (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಇಳಿದದ್ದೆಂದು ತೋರಿಸುತ್ತದೆ. ತಂಬೂರಿಯಲ್ಲಿ ಸ್ವಯಂಭೂ ಗಾಂಧಾರವೆಂದು ನಾವು ಕಿವಿಗೊಟ್ಟು ಹುಡುಕುವ ಅಂತರ ಗಾಂಧಾರವೇ ಅದು. ತಪ್ಪಿರುವುದು ಅಷ್ಟಕವನ್ನು ಹನ್ನೆರಡು ಸಮಪಾಲು ಮಾಡುವ ಟ್ಯೂನರಿನ ಗೆರೆ, ತಂತಿಯಲ್ಲ.

ಲಕ್ಷಣ: ಒಂದೇ ತಂತಿ ಮಂಕು, ಉಳಿದವು ಸರಿ

ಸಿ ತಂತಿಯ ವಿಷಯದಲ್ಲಿ ಸ್ವಲ್ಪ ಸಹನೆ ಬೇಕು. ನಾಲ್ಕರಲ್ಲಿ ಅದೇ ದಪ್ಪ, ಅದೇ ಮಂದ್ರ. ಉಳಿದವಕ್ಕಿಂತ ಒಂದು ಗುಲಗಂಜಿ ಮಂಕಾಗಿರುವುದು ಅದರ ಜಾಯಮಾನ. ಆದರೆ ಎ ಅಥವಾ ಇ ತಂತಿ ಒಂದೇ ಮಂಕಾದರೆ ಕಾರಣ ಹುಡುಕಲೇಬೇಕು.

ತಂತಿಯ ಅಡಿಭಾಗದಲ್ಲಿ ಉಗುರನ್ನು ನಿಧಾನವಾಗಿ ಜಾರಿಸಿ. ಮೊದಲ ಮೂರು ಫ್ರೆಟ್ಟುಗಳ ನೇರದಲ್ಲಿ ಉಗುರಿಗೆ ಸಣ್ಣ ಹಳ್ಳಗಳು ಸಿಕ್ಕಿದರೆ, ಒತ್ತಿ ಒತ್ತಿ ತಂತಿ ಸವೆದಿದೆ. ಉದ್ದಕ್ಕೂ ಒಂದೇ ದಪ್ಪ ಇಲ್ಲದ ತಂತಿ ಸಮಭಾಗಗಳಲ್ಲಿ ಕಂಪಿಸುವುದಿಲ್ಲ. ಹೊಸ ತಂತಿಯೂ ಕಾರ್ಖಾನೆಯಿಂದಲೇ ಹೀಗೆ ಬರುವುದುಂಟು. ಅದನ್ನು ಹಿಡಿಯಲು ಟ್ಯೂನರಿನಲ್ಲಿ ತೆರೆದ ತಂತಿಯನ್ನೂ ಹನ್ನೆರಡರ ಹಾರ್ಮೋನಿಕ್ಕನ್ನೂ ಹೋಲಿಸಿ ನೋಡಬೇಕು. ಎರಡೂ ಒಂದೇ ಗೆರೆಗೆ ಬಂದರೆ ತಂತಿ ಸಮವಾಗಿದೆ. ಸ್ಪಷ್ಟವಾಗಿ ಬೇರೆಬೇರೆ ಕಡೆ ನಿಂತರೆ ತಂತಿಯೇ ಕೆಟ್ಟದ್ದು, ಅದನ್ನು ಬಿಚ್ಚಿ ಬಿಸಾಡಬಹುದು. ಹಾರ್ಮೋನಿಕ್ಕನ್ನು ಹನ್ನೆರಡರಲ್ಲಿ ಒತ್ತಿದ ಸ್ವರದೊಂದಿಗೆ ಹೋಲಿಸುವುದು ಬೇರೆಯೇ ಪರೀಕ್ಷೆ: ಒತ್ತಿದ ಸ್ವರ ಏರಿದ್ದರೆ ತಂತಿ ಪಟ್ಟಿಗಳಿಂದ ತೀರ ಎತ್ತರದಲ್ಲಿದೆ, ಅಥವಾ ಸ್ಯಾಡಲ್ ಸಾಕಷ್ಟು ಹಿಂದೆ ಇಲ್ಲ ಎಂದರ್ಥ. ಅದು ಹಾರ್ಮೋನಿಕ್‌ನ ಮೊಳಗಿಗೆ ಸಂಬಂಧಿಸಿದ್ದಲ್ಲ. ಈ ಎರಡನ್ನು ಬೆರೆಸಿಕೊಂಡು ಸುಮ್ಮನೆ ಸ್ಯಾಡಲ್ ಉಜ್ಜಿದವರನ್ನು ನೋಡಿದ್ದೇನೆ.

ತಂತಿ ಸರಿಯಿದ್ದರೆ ಮುಂದಿನ ಸಂಶಯ ನಟ್ಟಿನ ಮೇಲೆ. ಇಲ್ಲಿ ಒಂದು ಚೆಲುವಾದ ಪರೀಕ್ಷೆಯಿದೆ. ಎಡಗೈಯಿಂದ ಅದೇ ತಂತಿಯ ಮೊದಲ ಫ್ರೆಟ್ಟನ್ನು ಗಟ್ಟಿಯಾಗಿ ಒತ್ತಿಹಿಡಿದು, ಬಲಗೈಯ ತೋರುಬೆರಳನ್ನು ಹದಿಮೂರನೆಯ ಪಟ್ಟಿಯ ನೇರಕ್ಕೆ ಸೋಕಿಸಿ, ಅದೇ ಕೈಯ ಹೆಬ್ಬೆರಳಿನಿಂದ ಅಥವಾ ಉಂಗುರದ ಬೆರಳಿನಿಂದ ಸ್ಯಾಡಲ್ ಕಡೆಗೆ ಮೀಟಬೇಕು. ಹದಿಮೂರನೆಯ ಪಟ್ಟಿ ಇಲ್ಲದ ಸೊಪ್ರಾನೊದಲ್ಲಿ ಹನ್ನೆರಡರಿಂದ ಒಂದು ಸೆಂಟಿಮೀಟರ್ ಮುಂದೆ ಸೋಕಿದರೆ ಸಾಕು. ಈಗ ನಟ್ಟು ಆಟದಿಂದ ಹೊರಗೆ ಹೋಗಿದೆ. ತಂತಿಯ ಒಂದು ತುದಿ ಲೋಹದ ಪಟ್ಟಿಯ ಮೇಲೆ ನಿಂತಿದೆ. ಹೀಗೆ ಮೀಟಿದಾಗ ಗಂಟೆ ಮೊಳಗಿ, ತೆರೆದ ತಂತಿಯಲ್ಲಿ ಮಾತ್ರ ಮೊಳಗದಿದ್ದರೆ ದೋಷ ನಟ್ಟಿನ ಗಾಡಿಯಲ್ಲಿ, ಅಂದರೆ ತಂತಿ ಕೂರಲೆಂದು ಕೊರೆದ ಸಣ್ಣ ಕಾಲುವೆಯಲ್ಲಿ, ಇದೆ: ಗಾಡಿ ಅಗಲವಾಗಿ ತಂತಿ ಅದರೊಳಗೆ ಹೊರಳುತ್ತಿರಬಹುದು, ಅಥವಾ ಅದರ ತಳ ಹಿಂದಕ್ಕೆ ಇಳಿಯುವ ಬದಲು ಮುಂದಕ್ಕೆ ಇಳಿದು ತಂತಿ ತಪ್ಪು ಅಂಚಿನಿಂದ ಹೊರಡುತ್ತಿರಬಹುದು. ಎರಡು ರೀತಿಯಲ್ಲೂ ಮಂಕಾದರೆ ಸಂಶಯ ಸ್ಯಾಡಲ್ ಕಡೆಗೆ ತಿರುಗುತ್ತದೆ; ತಂತಿ ಸಡಿಲಿಸಿ, ಸ್ಯಾಡಲ್ ತನ್ನ ಕಾಲುವೆಯಲ್ಲಿ ಓಲಾಡುತ್ತಿದೆಯೋ, ಅದರ ಕೆಳಗೆ ಬೆಳಕು ಕಾಣುತ್ತಿದೆಯೋ, ತಂತಿ ಕೂರುವ ಜಾಗದಲ್ಲಿ ಹಳ್ಳ ಬಿದ್ದಿದೆಯೋ ನೋಡಬೇಕು.

ಗಾಡಿಯ ಕಸವನ್ನು ಒಣ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುವವರೆಗೆ ಮನೆಯ ಕೆಲಸ. ಅರ ಹಿಡಿಯುವುದು ನಿಮ್ಮ ಕೆಲಸವಲ್ಲ. ಗಾಡಿ ಒಂದು ಕೂದಲೆಳೆಯಷ್ಟು ಆಳವಾದರೆ ತೆರೆದ ತಂತಿ ಮೊದಲ ಪಟ್ಟಿಗೆ ಬಡಿಯತೊಡಗುತ್ತದೆ, ಆಮೇಲೆ ನಟ್ಟನ್ನೇ ಬದಲಾಯಿಸಬೇಕು. ಸೂಪರ್‌ಗ್ಲೂ ಮತ್ತು ಅಡಿಗೆ ಸೋಡಾ ಸೇರಿಸಿ ಗಾಡಿ ತುಂಬುವ ಉಪಾಯವೊಂದು ಬಹಳ ಪ್ರಚಾರದಲ್ಲಿದೆ. ಅದರ ಹನಿ ಬೆರಳುಹಲಗೆಯ ಮೇಲೆ ಜಾರಿ ಗಟ್ಟಿಯಾದದ್ದನ್ನು ಕಂಡ ಮೇಲೆ ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ಮೂಳೆಯ ನಟ್ಟನ್ನು ಉಜ್ಜಲೇಬೇಕೆಂದು ಹಟವಿದ್ದವರು ಮುಖಗವಸು ಹಾಕಿಕೊಳ್ಳಬೇಕು, ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಲಕ್ಷಣ: ಗಂಟೆ ಮೊಳಗುತ್ತದೆ, ಜೊತೆಗೆ ಝರ್ರೆಂಬ ಸದ್ದು

ಹಾರ್ಮೋನಿಕ್ ಮೀಟಿದಾಗ ತಂತಿ ಅಲುಗುವ ಅಗಲ ಬಹಳ ಕಡಿಮೆ, ಆದ್ದರಿಂದ ಅದು ಪಟ್ಟಿಗಳಿಗೆ ಬಡಿಯುವುದು ಅಪರೂಪ. ಒತ್ತಿದ ಸ್ವರದಲ್ಲಿ ಝರ್ರೆಂದರೆ ಫ್ರೆಟ್ಟುಗಳನ್ನು ಸಂಶಯಿಸಬಹುದು. ಹಾರ್ಮೋನಿಕ್‌ನಲ್ಲಿ ಝರ್ರೆಂದರೆ ಸದ್ದು ಬಹುತೇಕ ಬೇರೆ ಕಡೆಯಿಂದ ಬರುತ್ತಿದೆ. ಈ ಒಂದು ಭೇದ ತಿಳಿದಿದ್ದರೆ ಎಷ್ಟೋ ಫ್ರೆಟ್ಟುಗಳು ಅನ್ಯಾಯವಾಗಿ ಉಜ್ಜಿಸಿಕೊಳ್ಳುವುದು ತಪ್ಪುತ್ತದೆ.

ನನ್ನ ಟೆನರ್ ಒಂದು ಜುಲೈ ತಿಂಗಳಲ್ಲಿ ಎ ತಂತಿಯ ಏಳರಲ್ಲಿ ಮಾತ್ರ, ನೊಣ ಗಾಜಿಗೆ ಬಡಿದಂತೆ ಸದ್ದು ಮಾಡತೊಡಗಿತು. ಒಳಗಿನ ಆಧಾರದ ಪಟ್ಟಿ ಬಿಟ್ಟಿರಬೇಕೆಂದು ಮೂರು ಸಂಜೆ ಫೋನಿನ ಬೆಳಕು, ದಂತವೈದ್ಯರ ಬಳಿ ಇರುವಂತಹ ಸಣ್ಣ ಕನ್ನಡಿ ಇಟ್ಟುಕೊಂಡು ಧ್ವನಿರಂಧ್ರದೊಳಗೆ ಇಣುಕಿದೆ. ಏನೂ ಕಾಣಲಿಲ್ಲ. ನಾಲ್ಕನೆಯ ಸಂಜೆ ಬ್ರಿಜ್ಜಿನ ಹಿಂದೆ ಧೂಳೊರೆಸಲು ಬೆರಳಿಟ್ಟಾಗ ಸದ್ದು ನಿಂತಿತು: ತಂತಿ ಕಟ್ಟಿ ಕತ್ತರಿಸಿ ಬಿಟ್ಟಿದ್ದ, ಅಕ್ಕಿಕಾಳಿನಷ್ಟು ಉದ್ದದ ತುದಿಯೊಂದು ಬಾಗಿ ಮೇಲ್ಹಲಗೆಯನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತ್ತು. ಅದನ್ನು ಇಕ್ಕಳದಲ್ಲಿ ಮೇಲಕ್ಕೆ ತಿರುಚಿದ್ದಷ್ಟೇ ರಿಪೇರಿ.

ಆದ್ದರಿಂದ ಕನ್ನಡಿಗಿಂತ ಮೊದಲು ಬೆರಳು. ಒಬ್ಬರು ಅದೇ ಹಾರ್ಮೋನಿಕ್ಕನ್ನು ಮತ್ತೆ ಮತ್ತೆ ಮೀಟುತ್ತಿರುವಾಗ ಇನ್ನೊಬ್ಬರು ತಂತಿಯ ತುದಿಗಳು, ಶ್ರುತಿ ಮಾಡುವ ಕೀಲಿಗಳ ಗುಂಡಿ ಮತ್ತು ತಿರುಪು, ಕೀಲಿ ಹೊರಬರುವಲ್ಲಿರುವ ಲೋಹದ ಬಳೆ, ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿ, ಪಿಕಪ್ ಇದ್ದರೆ ಅದರ ಬ್ಯಾಟರಿ ಮುಚ್ಚಳ, ಒಳಗಿನ ಕಾಗದದ ಲೇಬಲ್ ಇವನ್ನು ಒಂದೊಂದಾಗಿ ಒತ್ತುತ್ತ ಹೋಗಬೇಕು. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ತಿರುಪುಗಳನ್ನು ಬೆರಳಿಗೆ ತಡೆ ಸಿಗುವವರೆಗೆ ಮಾತ್ರ ಬಿಗಿ ಮಾಡಬೇಕು, ಮೆತ್ತನೆಯ ಮರದಲ್ಲಿ ಅವು ಬೇಗ ಸೋಲುತ್ತವೆ.

ಇಷ್ಟಾದರೂ ನಿಲ್ಲದಿದ್ದರೆ, ತಂತಿಗಳನ್ನು ಅಂಗೈಯಿಂದ ಮುಚ್ಚಿ ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ಹಗುರವಾಗಿ ತಟ್ಟುತ್ತ ಹೋಗಿ. ಗಟ್ಟಿಯಾದ ‘ಟಕ್’ ಬರಬೇಕಾದಲ್ಲಿ ‘ಚರ್’ ಎಂದರೆ ಒಳಪಟ್ಟಿ ಬಿಟ್ಟಿರುವುದು ನಿಜ. ಅದು ರಿಪೇರಿಯವರ ಪಾಲು.

ಲಕ್ಷಣ: ಮಳೆಗಾಲದಲ್ಲಿ ಮಾತ್ರ ಮಂಕು

ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಮುಂಬಯಿಯ ಗಾಳಿಯಲ್ಲಿ ತೇವ ಶೇ. 80ನ್ನು ದಾಟಿ ನಿಲ್ಲುವುದು ಸಾಮಾನ್ಯ. ಮರದ ವಾದ್ಯಕ್ಕೆ ಹಿತವೆಂದು ಹೇಳುವುದು ಶೇ. 45ರಿಂದ 55. ಘನ ಮರದ ಮೇಲ್ಹಲಗೆ ತೇವ ಕುಡಿದು ಭಾರವಾಗುತ್ತದೆ, ಉಬ್ಬುತ್ತದೆ. ನೈಲಾನ್ ತಂತಿಯೂ ನೀರು ಹೀರುತ್ತದೆ, ಫ್ಲೋರೋಕಾರ್ಬನ್ ಬಹುತೇಕ ಹೀರುವುದಿಲ್ಲ. ಮೇ ತಿಂಗಳಲ್ಲಿ ಮೊಳಗುತ್ತಿದ್ದದ್ದು ಜುಲೈಯಲ್ಲಿ ಮಂಕಾಗಿ, ನವೆಂಬರಿನಲ್ಲಿ ತಾನೇ ಮರಳಿದರೆ ಅದಕ್ಕೆ ರಿಪೇರಿ ಬೇಡ. ಪದರ ಹಲಗೆಯ ವಾದ್ಯದಲ್ಲಿ ಈ ಏರಿಳಿತ ಕಡಿಮೆ. ಮುಂಬಯಿಯಲ್ಲಿ ಅಗ್ಗದ ವಾದ್ಯಕ್ಕೆ ಇರುವ ಒಂದು ಮೇಲುಗೈ ಅದು.

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲಗಳನ್ನು ಮರಕ್ಕೆ ತಾಗದಂತೆ ಇಟ್ಟು, ತೇವಮಾಪಕ ನೋಡಿಕೊಂಡು ಬದಲಾಯಿಸುತ್ತಿರಬೇಕು. ಹೇರ್ ಡ್ರೈಯರ್ ಹಿಡಿಯುವುದು, ಬಿಸಿಲಿಗೆ ಒಣಗಿಸುವುದು, ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗುವುದು ಈ ಮೂರೂ ಮಂಕುತನಕ್ಕಿಂತ ದೊಡ್ಡ ಕೇಡು ತರುತ್ತವೆ: ಬಿಸಿಗೆ ಅಂಟು ಮೆತ್ತಗಾಗುತ್ತದೆ, ದಿಢೀರನೆ ಒಣಗಿದ ಹಲಗೆ ಎಳೆಯ ಉದ್ದಕ್ಕೆ ಸೀಳುತ್ತದೆ. ಚಳಿಗಾಲದಲ್ಲಿ ಪುಣೆಗೆ ಒಯ್ದಾಗಲೂ ಪೆಟ್ಟಿಗೆಯನ್ನು ಕೂಡಲೇ ತೆರೆಯದೆ ಕೆಲವು ಗಂಟೆ ಬಿಡುವುದು ಒಳ್ಳೆಯದು, ಅಲ್ಲಿನ ಒಣ ಗಾಳಿಗೆ ಅದು ನಿಧಾನವಾಗಿ ಹೊಂದಿಕೊಳ್ಳಲಿ.

ಎಲ್ಲಿ ಕೈಬಿಡಬೇಕು

ಒಂದು ವಿಸಿಟಿಂಗ್ ಕಾರ್ಡನ್ನು ಬ್ರಿಜ್ಜಿನ ಹಿಂಬದಿಯ ಅಂಚಿಗೆ ತಾಗಿಸಿ ಮೆಲ್ಲನೆ ತಳ್ಳಿ ನೋಡಿ. ಕಾರ್ಡು ಒಳಗೆ ನುಗ್ಗಿದರೆ ಬ್ರಿಜ್ ಏಳುತ್ತಿದೆ. ಆ ಕ್ಷಣವೇ ನಾಲ್ಕೂ ತಂತಿಗಳನ್ನು ಸಡಿಲಿಸಿ, ನುಡಿಸುವುದನ್ನು ನಿಲ್ಲಿಸಬೇಕು. ಸಂದಿಗೆ ಸೂಪರ್‌ಗ್ಲೂ ಸುರಿದರೆ ಮುಂದೆ ಅದನ್ನು ಸರಿಯಾಗಿ ಅಂಟಿಸುವವರ ಕೆಲಸ ಎರಡು ಪಟ್ಟಾಗುತ್ತದೆ. ಹಲಗೆಯಲ್ಲಿ ಸೀಳು ಕಂಡರೆ, ದಂಡಿ ತಿರುಚಿದಂತೆ ತೋರಿದರೆ, ದಂಡಿ ಮೈಗೆ ಸೇರುವಲ್ಲಿ ಗೆರೆ ಬಿಟ್ಟಿದ್ದರೆ ಇದೇ ಕ್ರಮ.

ರಿಪೇರಿಗೆ ಯಾರ ಬಳಿ ಹೋಗಬೇಕೆಂಬ ಪ್ರಶ್ನೆಗೆ ನಮ್ಮ ಹಿರಿಯರು ಕೂಡಲೇ ಮಿರಜ್ ಎನ್ನುತ್ತಾರೆ. ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕವೂ ದೊರೆತಿದೆ, ಅಲ್ಲಿಯ ಕೈಗಳಿಗೆ ಸಾಟಿಯಿಲ್ಲ. ಆದರೆ ತಂಬೂರಿಗೆ ಅವರು ಮಾಡುವ ಜವಾರಿ ಎಂದರೆ ತಂತಿ ಕುದುರೆಯನ್ನು ಉದ್ದಕ್ಕೂ ಸವರಿಕೊಂಡು ಹೊರಡುವಂತೆ ಮಾಡುವ ವಿದ್ಯೆ. ಯುಕುಲೇಲೆಯ ಸ್ಯಾಡಲ್ ಬೇಡುವುದು ತಂತಿ ಒಂದೇ ಚೂಪಾದ ಗೆರೆಯಿಂದ ಹೊರಡುವುದನ್ನು. ತಂಬೂರಿಗೆ ಜೀವವಾದದ್ದು ಇಲ್ಲಿ ದೋಷವಾಗುತ್ತದೆ. ಹಾಗಾಗಿ ನೈಲಾನ್ ತಂತಿಯ ಗಿಟಾರ್ ರಿಪೇರಿ ಮಾಡಿ ಅಭ್ಯಾಸವಿರುವವರನ್ನೇ ಹುಡುಕುವುದು ಸರಿ.

ಅವರ ಬಳಿ ಹೋಗುವಾಗ ಮೊದಲು ಬರೆದ ಆ ಹಾಳೆಯನ್ನು ಜೊತೆಗೆ ಒಯ್ಯಬೇಕು. “ನಾದ ಸರಿಯಿಲ್ಲ” ಎಂದರೆ ಅವರು ನಾಲ್ಕು ಕಡೆ ಹುಡುಕಬೇಕು. “ಇ ತಂತಿ ತೆರೆದಾಗ ಮೂರು ಜಾಗದಲ್ಲೂ ಮಂಕು, ಮೊದಲ ಫ್ರೆಟ್ ಒತ್ತಿದಾಗ ಸರಿ, ಹೊಸ ತಂತಿ ಹಾಕಿ ನೋಡಿದ್ದಾಗಿದೆ” ಎಂದರೆ ನೇರವಾಗಿ ನಟ್ಟಿನ ಎರಡನೆಯ ಗಾಡಿಗೆ ಹೋಗುತ್ತಾರೆ. ಬಿಚ್ಚಿದ ಹಳೆಯ ತಂತಿಯನ್ನೂ ಸುತ್ತಿ ಪೆಟ್ಟಿಗೆಯಲ್ಲಿಟ್ಟಿರಿ. ಗಾಡಿಯ ಅಗಲವನ್ನು ಅದರಿಂದಲೇ ಅಳೆಯುವವರಿದ್ದಾರೆ.